ಹಲ್ಲು ಕೀಳಿಸಲು ಹೊರಟದ್ದು

ಅಕ್ಕನ ಎಡಗೆನ್ನೆ ಬನ್ನಿನಂತೆ ಊದಿತ್ತು.
ಹಲ್ಲಿನ ಡಾಕ್ಟರು ಇದ್ದದ್ದು ಫೋರ್ಟ್ ನೆಲ್ಸನ್ನಿನಲ್ಲಿ,
ಐನೂರು ಕಿಲೋಮೀಟರಿನಾಚೆ.
ಲೋಯರ್ ಪೋಸ್ಟಿನವರು ನಾವು,
ಅದನ್ನು ದೂರ ಎನ್ನುವುದಿಲ್ಲ.

ನಸುಕಿಗೇ ಹೊರಟೆವು. ನೀಲಿ ವ್ಯಾಗನ್ನು,
ಹಿಂಬಾಗಿಲಿಗೆ ಹಗ್ಗ.
ಅಪ್ಪನ ಪಕ್ಕ ಅಜ್ಜಿ ಲಿಯೋಡಾ,
ತೊಡೆಯ ಮೇಲೆ ಚಾಕುಗಳ ಗಂಟು.
ಡಾಕ್ಟರ ಹತ್ತಿರ ಹೋಗಲು ಚಾಕು ಯಾಕಜ್ಜಿ? ಎಂದರೆ
‘ದಾರಿ ಅಂದಮೇಲೆ ದಾರಿ’ ಎಂದಳು, ಅಷ್ಟೆ.

ಲೆಕ್ಕದ ಪುಸ್ತಕ ಅಕ್ಕ ವೆರ್ನಾಳ ಕೈಯಲ್ಲಿ.
ಕರಡಿಗೆ ಐದು, ತೋಳಕ್ಕೆ ಹತ್ತು,
ಕಾಡುಕುರಿಗೆ ಎರಡು, ಮೂಸ್ ಕಂಡರೆ ಎಂಟು.
ದೊಡ್ಡ ಕಾಗೆಗೆ ಸೊನ್ನೆ:
ಅವು ನಮ್ಮನ್ನು ಎಣಿಸುತ್ತವಂತೆ,
ನಾವು ಅವನ್ನಲ್ಲ.

ಕೋಲ್ ನದಿ ದಾಟಿದ ಮೇಲೆ ರಸ್ತೆ ತುಂಬ ಬೈಸನ್ನುಗಳು.
ಅಪ್ಪ ಎಂಜಿನ್ ಆರಿಸಿ ಕಾಫಿ ಬಗ್ಗಿಸಿಕೊಂಡ.
ಅವಕ್ಕೆ ಹಾರ್ನೆಂದರೆ ಬೇರೆಯವರ ಮನೆಯ ಜಗಳ.
ಒಂದು ಬಂದು ನಮ್ಮ ಕನ್ನಡಿಯಲ್ಲಿ ಮುಖ ನೋಡಿಕೊಂಡಿತು,
ಒಪ್ಪಿಗೆಯಾಗಲಿಲ್ಲ,
ಕನ್ನಡಿಯನ್ನೇ ಮುರಿದು ಹೋಯಿತು.

ಮಂಚೋ ಸರೋವರದ ದಂಡೆಯಲ್ಲಿ
ಕುರಿಗಳು ಮೊಣಕಾಲೂರಿ ರಸ್ತೆಯ ಉಪ್ಪು ನೆಕ್ಕುತ್ತಿದ್ದವು.
ಹನ್ನೊಂದು ಎಂದೆ ನಾನು. ಒಂಬತ್ತು ಎಂದಳು ಅಕ್ಕ,
ಹಲ್ಲುನೋವಿನವಳ ಜೊತೆ ವಾದಿಸಬಾರದೆಂದ ಅಪ್ಪ.

ಟೋಡ್ ನದಿಗೆ ಇನ್ನೇನು ಹತ್ತು ಮೈಲಿ,
ಲಾರಿಯೊಂದು ಅಡ್ಡ ನಿಂತಿತ್ತು, ಒಂದು ಕಣ್ಣು ಒಡೆದು.
ಅದರ ಮುಂದೆ, ಹಳದಿ ಎಲೆಗಳ ನಡುವೆ, ಅದು.
ಮಲಗಿದ್ದರೂ ನನಗಿಂತ ಎತ್ತರ.
ಮೂಗಿನಿಂದ ಬಿಸಿ ಇನ್ನೂ ಏಳುತ್ತಿತ್ತು
ಮೊದಲ ಹಿಮದ ಗಾಳಿಯಲ್ಲಿ.
ಲಾರಿಯವನು ಅಪ್ಪನಿಗೆ ಸಾರಿ ಹೇಳುತ್ತಲೇ ಇದ್ದ,
ಕೈ ನಡುಗುತ್ತಿತ್ತು.
‘ನನಗಲ್ಲ’ ಎಂದ ಅಪ್ಪ.

ಅಜ್ಜಿ ಇಳಿದು ಅದರ ಕಿವಿ ಸವರಿದಳು,
ನಮ್ಮ ಮಾತಿನಲ್ಲಿ ಅದರ ಹೆಸರು ಹೇಳಿದಳು,
ಮತ್ತೇನೋ ತುಂಬ ಹೊತ್ತು, ಅವಸರವಿಲ್ಲದೆ,
ಮದುವೆಗೆ ಕರೆಯಲು ಬಂದವರ ಹಾಗೆ.
ಲಾರಿಯವನು ಟೋಪಿ ತೆಗೆದ.
ಆಮೇಲೆ ಅವಳು ಗಂಟು ಬಿಚ್ಚಿದಳು.

ಅಪ್ಪ ಲಾಡ್ಜಿಗೆ ಹೋಗಿ ಅಧಿಕಾರಿಗೆ ಫೋನು ಮಾಡಿ ಬಂದ.
ನಾಲ್ಕು ಗಂಟೆ.
ಅಕ್ಕ ಹಿಂಗಾಲು ಹಿಡಿದು ನಿಂತಿದ್ದಳು,
ಹಲ್ಲಿನ ಸುದ್ದಿಯೇ ಇಲ್ಲ.
ಲಾರಿಯವನು ಕರುಳಿನ ತೊಟ್ಟಿಯನ್ನು ಎಳೆಯಲು ಕಲಿತ,
ಒಮ್ಮೆ ಮರೆಗೆ ಹೋಗಿ ವಾಂತಿ ಮಾಡಿ ಬಂದ,
ಮತ್ತೆ ಎಳೆದ.
ಕಾಗೆಗಳು ಸ್ಪ್ರೂಸಿನ ತುದಿಯಲ್ಲಿ ಎಣಿಸುತ್ತ ಕೂತಿದ್ದವು.
ಅವುಗಳ ಪಾಲನ್ನು ಅಜ್ಜಿ ಬೇರೆ ಇಟ್ಟಳು.

‘ಹಲ್ಲು ಕಾಯುತ್ತದೆ, ಮಾಂಸ ಕಾಯುವುದಿಲ್ಲ’
ಎಂದು ವ್ಯಾಗನ್ನು ತಿರುಗಿಸಿದ ಅಪ್ಪ.
ಹಿಂದಿನ ಸೀಟಿನಲ್ಲಿ ನಾವು, ಕಾಲ ಕೆಳಗೆ
ನೀಲಿ ಟಾರ್ಪಾಲಿನಲ್ಲಿ ಸುತ್ತಿದ ಪಕ್ಕೆಲುಬು.
ಬೂಟಿನ ಅಟ್ಟೆಯೊಳಗಿಂದ ಬೆಚ್ಚಗೆ
ಅದು ಮೇಲೇರುತ್ತಿತ್ತು, ಮುನ್ನೂರು ಕಿಲೋಮೀಟರು,
ನಿಧಾನವಾಗಿ ತಣ್ಣಗಾಗುತ್ತ.

ಕುರಿ ಬಂದವು, ಹೋದವು. ಒಂದು ಕರಡಿ.
ಯಾರೂ ಕೂಗಲಿಲ್ಲ.
ಕತ್ತಲಾದ ಮೇಲೆ ನಾನು ಕೇಳಿದೆ:
ಸತ್ತಿದ್ದಕ್ಕೂ ಎಂಟಾ?
ಅರ್ಧ, ಎಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, ಇಲ್ಲ ಎಂದಳು.
ಅಜ್ಜಿ ಮುಂದಿನಿಂದ,
ಅದು ಕೂಡ ನಮ್ಮ ಕಾರಲ್ಲೇ ಇದೆಯಲ್ಲ,
ಅದಕ್ಕೂ ಕೇಳಿಸುತ್ತದೆ, ಮೆತ್ತಗೆ ಮಾತಾಡಿ, ಎಂದಳು.

ಆ ರಾತ್ರಿ ಊರಿನ ಒಂದೊಂದು ಮನೆಗೂ ಒಂದೊಂದು ಚೀಲ.
ಒಲೆಯ ಮೇಲೆ ನಾಲಗೆ ಬೇಯುತ್ತಿತ್ತು.
ವರ್ಷದ ಊಟ ಕಣ್ಣ ಮುಂದೆ,
ಅಕ್ಕ ಮಾತ್ರ ಬಲಗೆನ್ನೆಯಲ್ಲಿ ಸಾರು ಹೀರುತ್ತ,
ಎಲ್ಲರನ್ನೂ ಬೈಯುತ್ತ.

ಹತ್ತು ದಿನ ಬಿಟ್ಟು ನರ್ಸೊಬ್ಬಳು ಬಂದು ಕಿತ್ತಳು.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ.
ಬೈಸನ್ ಇಪ್ಪತ್ತಮೂರು, ಕುರಿ ಒಂಬತ್ತು,
ಈಗಲೂ ತಪ್ಪು, ಹನ್ನೊಂದೇ ಇದ್ದವು.
ಮೂಸ್ ಎಂದು ಬರೆದ ಕಡೆ ಅಂಕಿ ಇಲ್ಲ,
ಕಂದುಬಣ್ಣದ ಒಂದು ಹೆಬ್ಬೆಟ್ಟಿನ ಗುರುತು.
ಯಾರದ್ದು ಎಂದರೆ ಅಕ್ಕ
ನಾಲಗೆಯಲ್ಲಿ ಆ ಖಾಲಿ ಜಾಗ ಮುಟ್ಟಿಕೊಂಡು
ಕಿಟಕಿಯಾಚೆ ನೋಡುತ್ತಾಳೆ.